ಒಂದು ಕೂಗಿನಿಂದ ಏನಾಗುತ್ತೆ?

ಕಳೆದ ಬೇಸಿಗೆಯಲ್ಲಿ ನಾವು ಐದು ಜನ ಕ್ಯಾಲಿಫೋರ್ನಿಯಾದ ವೆಂಚುರಾದಿಂದ ಒಂದು ಗಂಟೆ ಬೋಟಿನಲ್ಲಿ ಹೋಗಿ ಸಾಂತಾ ಕ್ರೂಜ್ ದ್ವೀಪದಲ್ಲಿ ಇಳಿದೆವು. ಅಲ್ಲಿಂದ ಕಯಾಕ್. ಬಂಡೆಗಳ ಬುಡದಲ್ಲೇ ಹುಟ್ಟು ಹಾಕುತ್ತಾ ಒಂದು ಗುಹೆಯೊಳಗೆ ನುಗ್ಗಿದ್ವಿ. ಒಳಗೆ ಕತ್ತಲು, ಅಲೆ ಏರಿಳಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ ನಮ್ಮವನೊಬ್ಬ "ಹೋ..." ಅಂತ ಕೂಗಿದ. ಪ್ರತಿಧ್ವನಿ ಕೇಳಿ ಉಳಿದವರೂ ಕೂಗಿದ್ವಿ. ಹೌದು, ನಾನೂ ಕೂಗಿದೆ. ಗೈಡ್ ಗದರಿದಳು.

ಹೊರಗೆ ಬಂದಮೇಲೆ ಗೆಳೆಯನ ಗೊಣಗಾಟ ಶುರು. "ದುಡ್ಡು ಕೊಟ್ಟು ಬಂದಿದ್ದೀವಿ. ಗುಹೆ ಒಳಗೆ ಇಳೀಬಾರ್ದು, ಸೀಲ್ ಹತ್ರ ಹೋಗ್ಬಾರ್ದು, ಈಗ ಕೂಗೋದೂ ಬೇಡ್ವಾ? ಒಂದು ಕೂಗಿನಿಂದ ಏನಾಗುತ್ತೆ?"

ಏನಾಗುತ್ತೆ ಅಂತ ಹೇಳ್ತೀನಿ ಕೇಳಿ. ಆ ಗುಹೆಗಳ ಸಂದಿಗಳಲ್ಲಿ ಆಶಿ ಸ್ಟಾರ್ಮ್ ಪೆಟ್ರೆಲ್ ಅನ್ನೋ ಪುಟ್ಟ ಕಡಲಹಕ್ಕಿ ಗೂಡು ಮಾಡುತ್ತೆ. ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. ಅದು ಹಾಳಾದರೆ ಆ ವರ್ಷದ ಲೆಕ್ಕ ಅಲ್ಲಿಗೆ ಮುಗೀತು.

ಇನ್ನೊಂದು ಕಥೆ. ಡಿಡಿಟಿ ಸಮುದ್ರ ಸೇರಿ, ಮೀನು ಸೇರಿ, ಮೀನು ತಿನ್ನೋ ಬೋಳು ಹದ್ದಿನ ಮೊಟ್ಟೆಯ ಚಿಪ್ಪು ತೆಳುವಾಯ್ತು. ಹದ್ದುಗಳು ಈ ದ್ವೀಪಗಳಿಂದ ಮಾಯವಾದವು. ಮುಂದೆ 1990ರ ದಶಕದಲ್ಲಿ, ಖಾಲಿಯಾದ ಆ ಜಾಗಕ್ಕೆ ಕಾಡುಬಿದ್ದ ಹಂದಿಗಳ ಆಸೆಗೆ ಹೊನ್ನಹದ್ದುಗಳು ಬಂದವು. ಅವು ಬೆಕ್ಕಿನಷ್ಟೇ ಗಾತ್ರದ ದ್ವೀಪದ ನರಿಗಳನ್ನೂ ಹಿಡಿದವು. ಸಾಂತಾ ಕ್ರೂಜ್‌ನಲ್ಲಿ ನರಿಗಳು ನೂರಕ್ಕೂ ಕಡಿಮೆಯಾದವು. ಎಲ್ಲಿಯ ಡಿಡಿಟಿ, ಎಲ್ಲಿಯ ನರಿ! ಕೋಡ್ ಬರೆಯೋ ನಮಗೆ ಇದು ಹೊಸದಲ್ಲ, ಎಲ್ಲೋ ಒಂದು ಲೈನ್ ಮುಟ್ಟಿದರೆ ಇನ್ನೆಲ್ಲೋ ಒಡೆಯುತ್ತೆ. ಆಫೀಸಿನಲ್ಲಿ ಗೊತ್ತಿರೋದು ವೀಕೆಂಡಿನಲ್ಲಿ ಯಾಕೆ ಮರೆತುಹೋಗುತ್ತೆ?

"ಪ್ರಕೃತಿ ತಾನೇ ಸರಿಹೋಗುತ್ತೆ ಬಿಡಿ" ಅನ್ನೋರಿಗೂ ಒಂದು ಮಾತು. ಇಲ್ಲಿ ತಾನೇ ಸರಿಹೋಗಲಿಲ್ಲ. ಹೊನ್ನಹದ್ದುಗಳನ್ನು ಹಿಡಿದು ಬೇರೆಡೆ ಬಿಟ್ಟರು, ಹಂದಿಗಳನ್ನು ತೆಗೆದರು, ಬೋಳು ಹದ್ದುಗಳನ್ನು ಮತ್ತೆ ತಂದರು, ನರಿಗಳನ್ನು ಗೂಡಿನಲ್ಲಿಟ್ಟು ಮರಿ ಮಾಡಿಸಿದರು. 2004ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿದ್ದ ಸಾಂತಾ ಕ್ರೂಜ್ ನರಿ 2016ರಲ್ಲಿ ಅದರಿಂದ ಹೊರಬಂತು. ಸಂಜೆ ನಮ್ಮ ಬ್ಯಾಗ್ ಮೂಸುತ್ತಾ ಓಡಾಡಿದ ಆ ನರಿಯ ಫೋಟೋವನ್ನು ಹತ್ತು ಕಡೆಯಿಂದ ತೆಗೆದವನು ಅದೇ ಗೊಣಗಿದ ಗೆಳೆಯ!

ದುಡ್ಡು ಕೊಟ್ಟಿದ್ದು ಕಯಾಕಿನ ಬಾಡಿಗೆಗೆ ಮಾರಾಯ್ರೆ, ಗುಹೆಗಲ್ಲ. ಅದು ಬೇರೆಯವರ ಮನೆ. ಬಾಗಿಲಲ್ಲಿ ನಿಂತು ಕೂಗೋದಕ್ಕೆ ಸಾಹಸ ಅನ್ನೋ ಹೆಸರು ಬೇಡ.

ನಾನಂತೂ ಮುಂದಿನ ಸಲ ಬಾಯಿ ಮುಚ್ಚಿಕೊಂಡು ಹುಟ್ಟು ಹಾಕ್ತೀನಿ. ನೀವೇನಂತೀರಿ?