ಹಸಿರು ಎಲೆಯ ಚಿತ್ರ ಪುರಾವೆಯಲ್ಲ

ಮೀನು ಸಾರಿರಲಿ, ನೈಚೋರಿನ ಜತೆಗಿನ ಕೋಳಿ ಸಾರಿರಲಿ, ನಮ್ಮ ಅಡುಗೆಮನೆಗೆ ಬ್ಯಾಡಗಿ ಮೆಣಸು ಬೇಕೇ ಬೇಕು. ಖಾರ ಕಡಿಮೆ, ಬಣ್ಣ ಜೋರು. ಈಗ ಮೆಣಸಿನ ಪುಡಿಯ ಪ್ಯಾಕೆಟಿನ ಮೇಲೂ ‘ನೈಸರ್ಗಿಕ’, ‘ಪರಿಸರಸ್ನೇಹಿ’ ಎಂಬ ಬರಹ, ಪಕ್ಕದಲ್ಲೊಂದು ಹಸಿರು ಎಲೆ. ನಾಲ್ಕು ಕಾಸು ಹೆಚ್ಚು ಕೊಡುವ ಮೊದಲು ‘ಇದಕ್ಕೆ ಆಧಾರ ಏನು?’ ಅಂತ ಕೇಳೋಣ.

2011ರಲ್ಲಿ ಬ್ಯಾಡಗಿ ಮೆಣಸಿಗೆ ಸಿಕ್ಕ ಜಿಐ ಮಾನ್ಯತೆ ಬೆಳೆ ಎಲ್ಲಿಯದು ಎಂದಷ್ಟೇ ಹೇಳುತ್ತದೆ. ಔಷಧಿ ಹೊಡೆದಿಲ್ಲ ಎಂದು ಹೇಳುವುದಿಲ್ಲ. ಸಾವಯವ ಎಂದು ಬರೆದಿದ್ದರೆ ‘ಜೈವಿಕ್ ಭಾರತ್’ ಮುದ್ರೆ ಇದೆಯೇ ನೋಡಬೇಕು. ಬರೀ ‘ಹಸಿರು’, ‘ಪರಿಸರಸ್ನೇಹಿ’ ಎಂದರೂ ಕಂಪನಿಯ ಬಳಿ ಪುರಾವೆ ಇರಬೇಕು ಎನ್ನುತ್ತದೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ. ಅನುಮಾನ ಬಂದರೆ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಮೇಲೆ ಒಣ ಧಾನ್ಯ ತೋರಿಸಿ ಒದ್ದೆಯಾದದ್ದನ್ನು ಅಡಿಯಲ್ಲಿ ಇಟ್ಟಿದ್ದ ವ್ಯಾಪಾರಿಗೆ, ಮೋಸ ಮಾಡುವವನು ನಮ್ಮವನಲ್ಲ ಎಂದು ಪ್ರವಾದಿ(ಸ) ಎಚ್ಚರಿಸಿದ್ದರು. ಸುಳ್ಳು ಲೇಬಲ್ಲೂ ಅದೇ ಮೋಸ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಅಂಗಡಿ ಇಟ್ಟವರು ನಾವೇ ಆದರೆ ಈ ಮಾತು ಮೊದಲು ನಮಗೇ. ಸುಳ್ಳು ಹಸಿರು ಗೆದ್ದರೆ ಸೋಲುವವನು ಮೈಮುರಿದು ನಿಜವಾದ ಸಾವಯವ ಬೆಳೆ ತೆಗೆದ ರೈತ.

ಸಾಧ್ಯವಾದವರು ಇಡಿ ಮೆಣಸನ್ನೇ ಬಟ್ಟೆ ಚೀಲದಲ್ಲಿ ತಂದು, ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿಸೋಣ. ಪ್ಲಾಸ್ಟಿಕ್ಕೂ ಕಮ್ಮಿ, ಕಲಬೆರಕೆಯ ಭಯವೂ ಕಮ್ಮಿ. ಪ್ಯಾಕೆಟ್ಟೇ ಬೇಕೆಂದರೆ ಎಲೆಯ ಚಿತ್ರ ನೋಡುವುದು ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದೋಣ.