ಉಂಡದ್ದೂ ದಾನವೇ?

ಕುದ್ಮುಲ್ ರಂಗರಾವ್ ಪುರಭವನದಲ್ಲಿ ಸಹಾಯಾರ್ಥ ಯಕ್ಷಗಾನ ಇಟ್ಟಿದ್ದಾರೆ ಅಂದುಕೊಳ್ಳಿ. 'ಬಡ ವಿದ್ಯಾರ್ಥಿಗಳಿಗಾಗಿ' ಅಂತ. ಟಿಕೇಟು 10,000 ರೂ. ಮುಂದಿನ ಸಾಲಿನ ಕುರ್ಚಿ, ಭರ್ಜರಿ ಊಟ, ಒಂದು ಶಾಲು. ಇವಕ್ಕೆ ಹೊರಗೆ ಬೆಲೆ 3,000 ಆದೀತು. ರಸೀತಿಯಲ್ಲಿ ಮಾತ್ರ ಇಡೀ 10,000ವೂ ದಾನ!

ಈ ರಸೀತಿಗೆ ತೆರಿಗೆ ರಿಯಾಯಿತಿ ಉಂಟು. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನಿಂದ ಬಂದದ್ದು, 2025ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಹಳೇ ದರಪದ್ಧತಿ ಆರಿಸಿಕೊಂಡವರು ಮಾನ್ಯತೆ ಪಡೆದ ಟ್ರಸ್ಟಿಗೆ ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಅರ್ಧವನ್ನು ಆದಾಯದಿಂದ ಕಳೆಯಬಹುದು. 30 ಪರ್ಸೆಂಟು ತೆರಿಗೆಯವನಿಗೆ 10,000ಕ್ಕೆ 1,500 ಉಳಿತಾಯ. ಊಟ, ಶಾಲಿನ 3,000 ಕಳೆದರೆ 1,050 ಮಾತ್ರ. ನಡುವಿನ 450 ಯಾರದ್ದು? ಬೊಕ್ಕಸದ್ದು. ನಮ್ಮ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪು ಬರುವುದೂ ಅಲ್ಲಿಂದಲೇ.

ಅಮೆರಿಕದಲ್ಲಿ 1993ರಲ್ಲೇ ಕಾನೂನು ಮಾಡಿದರು: 75 ಡಾಲರಿಗಿಂತ ಹೆಚ್ಚು ಪಡೆದು ಬದಲಿಗೆ ಏನಾದರೂ ಕೊಟ್ಟರೆ, ಅದರ ಅಂದಾಜು ಬೆಲೆಯನ್ನು ಸಂಸ್ಥೆಯೇ ಬರೆದು ಕೊಡಬೇಕು. ಮಿಕ್ಕಿದ್ದಷ್ಟೇ ದಾನ. ನಮ್ಮಲ್ಲಿ ಪ್ರತಿಫಲವಿಲ್ಲದೆ ಕೊಟ್ಟದ್ದೇ ದಾನ ಎಂಬ ತತ್ವವಿದೆ, ಶಾಲಿನ ಬೆಲೆಯನ್ನು ರಸೀತಿಯಲ್ಲಿ ಕಾಣಿಸಿ ಎನ್ನುವ ಕಲಮಿಲ್ಲ. 2,000 ರೂ. ದಾಟಿದ ನಗದಿಗೆ, ಬಟ್ಟೆ ಪುಸ್ತಕದ ದಾನಕ್ಕೆ ರಿಯಾಯಿತಿ ಇಲ್ಲ ಅಂತ ಮಾತ್ರ ಖಡಾಖಂಡಿತ ಹೇಳಿದೆ.

ಫ್ಯಾನಿನ ರೆಕ್ಕೆ ಮೇಲೆ ದಾನಿಯ ಹೆಸರು ಬರೆಸುತ್ತಾರಲ್ಲ, ಅಂಥದ್ದಕ್ಕೂ ಸರಕಾರ ತಲೆ ಕೆಡಿಸಿಕೊಂಡಿದೆ ಮಾರಾಯ್ರೆ! 2019ರ ಅಕ್ಟೋಬರ್ 11ರ ಜಿಎಸ್‌ಟಿ ಸುತ್ತೋಲೆ ಪ್ರಕಾರ, ವಾಟರ್ ಕೂಲರ್ ಕೊಟ್ಟವನ ಹೆಸರನ್ನು ಕೃತಜ್ಞತೆಗೆ ಬರೆದರೆ ತೆರಿಗೆಯಿಲ್ಲ. ಅವನ ವ್ಯಾಪಾರದ ಜಾಹೀರಾತಾದರೆ ಉಂಟು.

ಹಾಗಾದರೆ ಹಾಸ್ಟೆಲ್ ಹುಡುಗ ಹುಡುಗಿಯರನ್ನು ವೇದಿಕೆಯಲ್ಲಿ ಸಾಲಾಗಿ ನಿಲ್ಲಿಸಿ, ನೋಟ್‌ಬುಕ್ ಕೈಗಿಡುವಾಗ ತೆಗೆಸಿಕೊಳ್ಳುವ ಫೋಟೋ? ಊಟಕ್ಕೆ ಹೋಟೆಲಿನ ದರಪಟ್ಟಿ ಇದೆ. ನಮ್ಮ ತಗ್ಗಿಸಿದ ತಲೆಗೆ ಯಾವ ದರಪಟ್ಟಿ? ದಾನಿಗೆ ಸಿಗುವ ದೊಡ್ಡ ಪ್ರತಿಫಲ ಅದೇ ಅಂತ ನಮಗನಿಸುತ್ತದೆ. 1897ರಲ್ಲಿ ಈ ಊರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ರಂಗರಾಯರಿಗೆ ಸಿಕ್ಕ ಪ್ರತಿಫಲ ಸ್ವಜಾತಿಯವರ ಬಹಿಷ್ಕಾರ. ಅವರ ಹೆಸರಿನ ಸಭಾಂಗಣದಲ್ಲಿ ನಮ್ಮನ್ನು ಫೋಟೋಕ್ಕೆ ನಿಲ್ಲಿ ಅಂದರೆ, ಒಲ್ಲೆವು ಅನ್ನುವ ಹಕ್ಕು ನಮಗಿದೆ. ನೋಟ್‌ಬುಕ್ ವಾರ್ಡನ್ನರ ಕೈಗೆ ಕೊಟ್ಟು ಹೋಗಲಿ.

ಇನ್ನು ನಮ್ಮ ಸಂಘಗಳೂ ಸ್ಮರಣ ಸಂಚಿಕೆ ತರುತ್ತವೆ. ಅಂಗಡಿಯವರು ಅರ್ಧ ಪುಟಕ್ಕೆ ಕೊಡುವ ದುಡ್ಡು ಜಾಹೀರಾತಿನ ದುಡ್ಡು. ರಸೀತಿಯಲ್ಲಿ ಹಾಗೇ ಬರೆಯಿರಿ. ಇಲಾಖೆಯ ಮಾನ್ಯತೆ ಇಲ್ಲದೆ 'ತೆರಿಗೆ ರಿಯಾಯಿತಿ ಉಂಟು' ಅಂತ ಅಚ್ಚು ಹಾಕಿಸಬೇಡಿ.