ತೊಗರಿ ಖರೀದಿ ಕೇಂದ್ರ ರಾಶಿಗೆ ಮೊದಲೇ ತೆರೆಯಲಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಎಳ್ಳಮಾಸಿ ಆಸುಪಾಸು ತೊಗರಿ ರಾಶಿ ಶುರುವಾಗುತ್ತದೆ. ಎಲ್ಲರ ಮಾಲೂ ಒಮ್ಮೆಲೇ ಅಡತಿ ಅಂಗಡಿಗೆ ಬಂದು ದರ ಬೀಳುತ್ತದೆ. ಬೀಜ, ಗೊಬ್ಬರದ ಸಾಲ ಹೊತ್ತವನು ಕಾಯಲಾರ. ಪೇಟೆ ಕೈಕೊಡುವ ಈ ಹೊತ್ತಿಗೆಂದೇ ಬೆಂಬಲ ಬೆಲೆ ಇರುವುದು. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 8,000 ರೂಪಾಯಿ ಘೋಷಿಸಿತು. ಆದರೆ ಇಲ್ಲಿನ ದರ ತಗ್ಗಿಸುವ ಹೊರದೇಶದ ತೊಗರಿಯ ಸುಂಕರಹಿತ ಆಮದನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸಿದ್ದೂ ಅದೇ ಕೇಂದ್ರ!

ಹಿಂದೊಮ್ಮೆ ನಾನು ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಮಾಲು ಒಯ್ದಾಗ ಮೊದಲ ದಿನ ಗೋಣಿಚೀಲ ಇರಲಿಲ್ಲ. ಮರುದಿನ ತೇವಾಂಶ ಹೆಚ್ಚಿದೆ ಎಂದರು. ಟ್ರ್ಯಾಕ್ಟರ್ ಬಾಡಿಗೆ ಏರುತ್ತಲೇ ಇತ್ತು. ಮೂರನೆಯ ದಿನ ಅದೇ ಚೀಲಗಳನ್ನು ಅಡತಿಯವರು ಕೇಳಿದ ದರಕ್ಕೆ ಕೊಟ್ಟು ಬಂದೆ. ಅಲ್ಲಿ ಒಂದು ಹಿಡಿ ಕಾಳು ಅಂಗೈಯಲ್ಲಿ ಹೊರಳಿಸಿ ನೋಡಿದರು, ಅಷ್ಟೇ.

ವ್ಯಾಪಾರಿಯನ್ನು ಮಾತ್ರ ದೂರಿ ಫಲವಿಲ್ಲ. ಸರ್ಕಾರ ತಡ ಮಾಡಿದಷ್ಟೂ ಅವನ ಕೈ ಮೇಲಾಗುತ್ತದೆ. ರಾಶಿಗೆ ಹದಿನೈದು ದಿನ ಮೊದಲೇ ನಾಲ್ಕೂ ತಾಲ್ಲೂಕುಗಳಲ್ಲಿ ನೋಂದಣಿ ಮುಗಿಸಿ, ಚೀಲ ದಾಸ್ತಾನಿಟ್ಟು, ರಾಶಿ ಶುರುವಾದೊಡನೆ ತೂಕ ಆರಂಭಿಸಬೇಕು. ಕಾಯಬಲ್ಲವರಿಗೆ ಎಪಿಎಂಸಿ ಗೋದಾಮಿನಲ್ಲಿ ಮಾಲಿನ ಮೇಲೆ ಅಡಮಾನ ಸಾಲ ಸುಲಭವಾಗಿ ಸಿಗಬೇಕು. ಜಿಲ್ಲಾಡಳಿತ ಈ ಬಗ್ಗೆ ಈಗಲೇ ಗಮನ ಹರಿಸಲಿ ಎಂದು ವಿನಂತಿ.

– ಒಬ್ಬ ತೊಗರಿ ಬೆಳೆಗಾರ, ಸಿಂದಗಿ ತಾಲ್ಲೂಕು